ಮಕ್ಕಳಿಗಿಂತ ಮೊದಲು ಮೇಷ್ಟ್ರನ್ನು ಕರೆಯಿರಿ
ಮುಂಬಯಿಯ ಕಲಾ ಸಂಗ್ರಹಾಲಯಗಳ ಹಿರಿಯರಿಗೆ ಬದಲಾಪುರದಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ಬೈಕುಲ್ಲಾದ ಡಾ. ಭಾವು ದಾಜಿ ಲಾಡ್ ಸಂಗ್ರಹಾಲಯಕ್ಕೂ ಫೋರ್ಟಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯಕ್ಕೂ ಸೇರಿಸಿಯೇ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಬಾಗಿಲು ಶಾಲೆಗಳಿಗೆ ಯಾವಾಗಲೂ ತೆರೆದಿದೆ ಎಂಬುದು ಗೊತ್ತು. 2015ರಿಂದ ಫೋರ್ಟಿನ ಸಂಗ್ರಹಾಲಯ ಬಸ್ಸೇರಿ ಊರೂರಿಗೆ ಹೋಗುತ್ತಿರುವುದೂ, 2019ರಲ್ಲಿ ಮಕ್ಕಳಿಗೆಂದೇ ಅಂಗಳದಲ್ಲಿ ಒಂದು ಸಂಗ್ರಹಾಲಯ ಕಟ್ಟಿದ್ದೂ ಗೊತ್ತು. ಅದಕ್ಕೆ ಕೃತಜ್ಞಳು. ಆದರೂ ಕೇಳುವುದೊಂದಿದೆ. ತರಗತಿಗೆ ಬೇಕಾಗಿರುವುದು ಇನ್ನೊಂದು ಪ್ರವಾಸವಲ್ಲ, ಪಾಠ ಮಾಡುವವರಿಗೆ ನಿಮ್ಮ ಒತ್ತಾಸೆ.

ಬದಲಾಪುರದಿಂದ ಸಿಎಸ್‌ಎಂಟಿಗೆ ರೈಲು ದಾರಿ ಸುಮಾರು 68 ಕಿಲೋಮೀಟರ್. ಬೆಳಗಿನ ಲೋಕಲ್ಲಿನಲ್ಲಿ ದೊಡ್ಡವರಿಗೇ ಕಾಲಿಡಲು ಜಾಗವಿಲ್ಲ, ಆರನೇ ತರಗತಿಯ ಮಕ್ಕಳನ್ನು ಹತ್ತಿಸುವ ಧೈರ್ಯ ಯಾವ ಮೇಷ್ಟ್ರಿಗೂ ಬಾರದು. ಹಾಗಾಗಿ ಬಸ್ಸು ಬಾಡಿಗೆಗೆ ಹಿಡಿಯಬೇಕು, ಪಾಲಕರಿಂದ ದುಡ್ಡೂ ಒಪ್ಪಿಗೆ ಚೀಟಿಯೂ ತರಿಸಬೇಕು. ದುಡ್ಡು ಕೊಡಲಾಗದ ಮಗು ಆ ದಿನ ಹೊಟ್ಟೆನೋವೆಂದು ಮನೆಯಲ್ಲೇ ಉಳಿಯುತ್ತದೆ. ಅಷ್ಟೆಲ್ಲ ಆಗಿ ಒಳಗೆ ಹೋದರೆ ಶಿಕ್ಷಕಿಯ ಕಣ್ಣು ಶಿಲ್ಪದ ಮೇಲಿರುವುದಿಲ್ಲ, ತಲೆ ಎಣಿಸುವುದರಲ್ಲಿರುತ್ತದೆ. ಮಕ್ಕಳು ಸಾಲಾಗಿ ಬರುತ್ತಾರೆ, ಸಾಲಾಗಿ ಹೋಗುತ್ತಾರೆ. ಮರುದಿನ ಪ್ರಬಂಧದಲ್ಲಿ ಹೆಚ್ಚಿನವರು ಬರೆಯುವುದು ಬಸ್ಸಿನಲ್ಲಿ ಹಾಡಿದ ಅಂತ್ಯಾಕ್ಷರಿಯ ಬಗ್ಗೆ. ತಪ್ಪು ಮಕ್ಕಳದಲ್ಲ. ನೋಡುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಹೇಳಿಕೊಡಬೇಕಾದವರಿಗೂ ಯಾರೂ ಕಲಿಸಿಲ್ಲ.

ನಿಮ್ಮದೇ ಚರಿತ್ರೆಯ ಒಂದು ಪುಟ ನೆನಪಿಸುತ್ತೇನೆ. ನಮ್ಮ ಪಕ್ಕದ ಅಂಬರನಾಥದಲ್ಲಿ ಶಿಲಾಹಾರರ ಕಾಲದ ಶಿವಾಲಯವಿದೆ. ಕಪ್ಪು ಕಲ್ಲಿನ ಗುಡಿ, ಹೊರಗೋಡೆಯ ತುಂಬ ಮೂರ್ತಿಗಳು, ಮೆಟ್ಟಿಲಿಳಿದು ಹೋಗಬೇಕಾದ ಗರ್ಭಗುಡಿ. 1868ರಲ್ಲಿ ಮುಂಬಯಿ ಸರ್ಕಾರ ಜೆ.ಜೆ. ಕಲಾಶಾಲೆಯ ಟೆರಿಯವರ ತಂಡವನ್ನು ಇಲ್ಲಿಗೆ ಕಳುಹಿಸಿ ಗುಡಿಯ ಚಿತ್ರಗಳನ್ನೂ ಅಚ್ಚುಗಳನ್ನೂ ಮಾಡಿಸಿತು. ಅಂದರೆ ಕಲಾಶಾಲೆಯೇ ನಮ್ಮ ಕಡೆಗೆ ಬಂದಿತ್ತು. ಬೈಕುಲ್ಲಾದ ಸಂಗ್ರಹಾಲಯ ಜನರಿಗೆ ತೆರೆದದ್ದು ಅದಕ್ಕೂ ನಾಲ್ಕು ವರ್ಷದ ನಂತರ, 1872ರಲ್ಲಿ. 1975ರಿಂದ ಅದು ಹೊತ್ತಿರುವ ಹೆಸರಿನ ಭಾವು ದಾಜಿಯವರೇ ಅಂಬರನಾಥದ ಬಾಗಿಲ ಮೇಲಿನ ಶಾಸನವನ್ನು ಓದಿದವರು. ಅವರು ಶಕವರ್ಷ 782 ಎಂದು ಓದಿದರು. ಆಮೇಲೆ ಪಂಡಿತ ಭಗವಾನಲಾಲ ಇಂದ್ರಜಿ ಅದೇ ಅಂಕಿಗಳನ್ನು ಮತ್ತೆ ನೋಡಿ 982 ಎಂದರು. ಕ್ರಿ.ಶ. 1060 ಎಂದು ಇಂದು ನಾವು ಹೇಳುವುದು ಆ ಎರಡನೆಯ ಓದಿನಿಂದ. ಒಂದು ಅಂಕಿಯಲ್ಲಿ ಇನ್ನೂರು ವರ್ಷ ಆಚೀಚೆ!

ಇದಕ್ಕಿಂತ ಒಳ್ಳೆಯ ಇತಿಹಾಸದ ಪಾಠ ನನಗೆ ಗೊತ್ತಿಲ್ಲ. ದೊಡ್ಡ ವಿದ್ವಾಂಸರೂ ತಪ್ಪು ಓದಬಹುದು, ತಾಳ್ಮೆಯಿಂದ ಮತ್ತೆ ನೋಡಿದವರು ಅದನ್ನು ತಿದ್ದಬಹುದು ಎಂದು ಹನ್ನೊಂದು ವರ್ಷದ ಹುಡುಗಿಗೆ ಆ ಬಾಗಿಲ ಕೆಳಗೆ ನಿಲ್ಲಿಸಿ ಹೇಳಬಹುದು. ಆದರೆ ಸುತ್ತಮುತ್ತಲಿನ ಎಷ್ಟು ಮಂದಿ ಶಿಕ್ಷಕರ ಕೈಯಲ್ಲಿ ಆ ಶಾಸನದ ದೊಡ್ಡ, ಸ್ಪಷ್ಟ ಚಿತ್ರವಿದೆ? ಇಂಥದ್ದನ್ನು ಹೊಂದಿಸಿಕೊಡುವ ಪರಿಣತಿ ನಿಮ್ಮಲ್ಲಿದೆ. ಅದು ನಮ್ಮ ಸ್ಟಾಫ್ ರೂಮಿಗೂ ಬರಲಿ.

ಹೆಚ್ಚು ಬೇಕಿಲ್ಲ. ಫಿಲಿಪ್ ಯೆನವೈನ್ ಮತ್ತು ಅಬಿಗೇಲ್ ಹೌಸನ್ ಅಮೆರಿಕದಲ್ಲಿ ಬೆಳೆಸಿದ ಒಂದು ಪದ್ಧತಿಯಲ್ಲಿ ಶಿಕ್ಷಕಿ ಕೇಳುವುದು ಮೂರೇ ಪ್ರಶ್ನೆ: ಈ ಚಿತ್ರದಲ್ಲಿ ಏನಾಗುತ್ತಿದೆ, ಹಾಗೆ ಅನಿಸಲು ಏನು ಕಂಡಿತು, ಇನ್ನೇನು ಕಾಣುತ್ತದೆ. ಉತ್ತರ ಸರಿಯೋ ತಪ್ಪೋ ಎಂದು ಆಕೆ ತೀರ್ಪು ಕೊಡುವುದಿಲ್ಲ. ಹಿಂದಿನ ಬೆಂಚಿನ ಮಾತಾಡದ ಮಗು ಇಲ್ಲಿ ಬಾಯಿ ಬಿಡುತ್ತದೆ. ಪರೀಕ್ಷೆಯ ಭಯವಿರುವ ಕಡೆ ಅದು ಸಣ್ಣ ಸಂಗತಿಯಲ್ಲ. ಇದನ್ನು ಪುಸ್ತಕ ಓದಿ ಕಲಿಯುವುದು ಕಷ್ಟ, ಒಂದು ಶಿಲ್ಪದ ಮುಂದೆ ಅರ್ಧ ಗಂಟೆ ನಿಂತು ಅಭ್ಯಾಸ ಮಾಡಬೇಕು. ಆದ್ದರಿಂದ ನನ್ನ ಮೊದಲ ಕೋರಿಕೆ: ಮಕ್ಕಳ ಪ್ರವಾಸಕ್ಕೆ ಮುಂಚೆ ಶಿಕ್ಷಕರನ್ನಷ್ಟೇ ಒಂದು ದಿನ ಕರೆಯಿರಿ. ನಲವತ್ತು ವಸ್ತು ತೋರಿಸಬೇಡಿ, ಮೂರು ಸಾಕು. ಆ ಮೂರರ ಚಿತ್ರಪಟಗಳನ್ನೂ ಮುಟ್ಟಿ ನೋಡಬಹುದಾದ ಪ್ರತಿಕೃತಿಗಳನ್ನೂ ಪೆಟ್ಟಿಗೆಯಲ್ಲಿಟ್ಟು ಶಾಲೆಗೆ ಎರವಲು ಕೊಡಿ. ಬಸ್ಸಿಗೆ ದುಡ್ಡಿಲ್ಲದ ಮಗುವಿಗೂ ಆಗ ಪಾಲು ಸಿಗುತ್ತದೆ.

ಭಾಷೆಯ ಮಾತನ್ನೂ ಹೇಳಲೇಬೇಕು. ಮುಂಬಯಿ ಮಹಾನಗರಪಾಲಿಕೆಯ ಶಾಲೆಗಳಲ್ಲೇ ಮರಾಠಿ, ಉರ್ದು, ತಮಿಳು, ಕನ್ನಡ ಸೇರಿ ಎಂಟು ಮಾಧ್ಯಮಗಳು ನಡೆದುಬಂದಿವೆ. ಫೋರ್ಟಿನ ಸಂಗ್ರಹಾಲಯದಲ್ಲಿ ಐಹೊಳೆಯಿಂದ ಬಂದ ಚಾಲುಕ್ಯ ಶಿಲ್ಪಗಳಿವೆ. ಬಾಗಲಕೋಟೆ, ವಿಜಯಪುರದ ಕಡೆಯಿಂದ ದುಡಿಯಲು ಬಂದವರ ಮಕ್ಕಳು ಇಲ್ಲಿನ ಶಾಲೆಗಳಲ್ಲಿದ್ದಾರೆ. ಆ ಕಲ್ಲು ತಮ್ಮ ಅಜ್ಜಿಯ ಊರಿನ ಸೀಮೆಯದೆಂದು ಅವರಿಗೆ ತಮ್ಮ ಮಾತಿನಲ್ಲೇ ತಿಳಿಯಬೇಡವೇ? ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲಿಯೇ ಮೇಷ್ಟ್ರೂ ಆಗಿದ್ದರು, 1996ರಲ್ಲಿ ತೀರಿಕೊಳ್ಳುವವರೆಗೂ ಈ ನಗರದವರಾಗಿದ್ದರು. ಚಿತ್ರಕಲೆ ಎಂದರೆ ಬೇರೆಯವರ ಕಸುಬು ಎಂದುಕೊಂಡ ಮಗುವಿಗೆ ಅವರ ಹೆಸರನ್ನು ನಾನು ತಪ್ಪದೆ ಹೇಳುತ್ತೇನೆ. ಕೈಯಲ್ಲಿ ಒಂದು ಚಿತ್ರವೂ ಇದ್ದರೆ ಮಾತಿಗೆ ಬಲ ಬರುತ್ತಿತ್ತು.

ಮುಂದಿನ ಶೈಕ್ಷಣಿಕ ವರ್ಷದ ಮೊದಲ ಘಟಕ ಪರೀಕ್ಷೆ ಮುಗಿದ ಮೇಲೆ, ಮಳೆ ಬಿಡುವು ಕೊಟ್ಟ ಒಂದು ಶನಿವಾರ, ನಿಮ್ಮ ಶಿಕ್ಷಣ ವಿಭಾಗದ ಒಬ್ಬರನ್ನು ಅಂಬರನಾಥಕ್ಕೆ ಕಳುಹಿಸಿ. ಕಲ್ಯಾಣದಿಂದ ಬದಲಾಪುರದವರೆಗಿನ ಶಾಲೆಗಳಿಗೆ ತಿಳಿಸಿ ಶಿಕ್ಷಕರನ್ನು ಸೇರಿಸುವ ಕೆಲಸ ನನ್ನದು. ದಿನ ನೀವು ಗೊತ್ತುಮಾಡಿ.

ಇತಿ,
ಬದಲಾಪುರದ ಒಬ್ಬ ಇತಿಹಾಸ ಶಿಕ್ಷಕಿ