ಆನ್‌ಸೈಟ್ ಮೀಮಾಂಸೆ ಅರ್ಥಾತ್ 23 ಕಿಲೋ ಸಿದ್ಧಾಂತ

ನೌಕರನನ್ನು ಪರದೇಶಕ್ಕೆ ಕಳಿಸಿ, ಅಲ್ಲಿ ಸಾಕಿ, ಕೆಡದಂತೆ ವಾಪಸು ತರಿಸಿಕೊಳ್ಳುವ ವಿದ್ಯೆಗೆ ಕಂಪನಿಗಳು ‘ಗ್ಲೋಬಲ್ ಮೊಬಿಲಿಟಿ’ ಎನ್ನುತ್ತವೆ. ಹೈದರಾಬಾದಿನ ಹಿಮಾಯತ್‌ನಗರದಲ್ಲಿ ಅದು ಬರೀ ‘ಆನ್‌ಸೈಟ್’. ಈ ಇಲಾಖೆ ಗಚ್ಚಿಬೌಲಿಯ ಗಾಜಿನ ಕಟ್ಟಡದಲ್ಲಿದೆ ಎಂಬುದು ಪೂರ್ವಪಕ್ಷ. ನಮ್ಮಕ್ಕನ ಅಡುಗೆಮನೆಯಲ್ಲಿದೆ ಎಂಬುದು ಸಿದ್ಧಾಂತ.

ಮೊದಲು ಇತಿಹಾಸ, ಅದಿಲ್ಲದ ಪ್ರಬಂಧಕ್ಕೆ ಯಾರೂ ಶಾಲು ಹೊದಿಸುವುದಿಲ್ಲ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ಮುಳುಗಿಸಿತು. ನಿಜಾಮರ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. 1909ರಲ್ಲಿ ಬಂದರು, ನೀರನ್ನು ಊರಿನ ಮೇಲ್ಗಡೆಯೇ ತಡೆಯಿರಿ ಎಂದು ಯೋಜನೆ ಬರೆದುಕೊಟ್ಟರು, ಅದೇ ವರ್ಷ ಮೈಸೂರಿಗೆ ಮುಖ್ಯ ಇಂಜಿನಿಯರಾಗಿ ಹೊರಟರು. ಉಸ್ಮಾನ್ ಸಾಗರ ಮುಗಿದದ್ದು 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ. ಆನ್‌ಸೈಟಿನವನು ನಕ್ಷೆ ಕೊಟ್ಟು ಹೋಗಬೇಕು, ಮಣ್ಣು ಹೊರುವವರು ಊರವರೇ ಎಂಬ ಸೂತ್ರಕ್ಕೆ ಇದೇ ಪ್ರಮಾಣ.

ಆ ಉಸ್ಮಾನ್ ಸಾಗರದ ಆಸುಪಾಸಿನಲ್ಲೇ ಚಿಲ್ಕೂರಿನ ವೀಸಾ ಬಾಲಾಜಿ. ಬೇಡಿಕೊಳ್ಳಲು 11 ಸುತ್ತು, ಸಿಕ್ಕ ಮೇಲೆ 108. ಅಲ್ಲಿ ಹುಂಡಿಯಿಲ್ಲ. ಹುಂಡಿ ಇರುವುದು ವಾಷಿಂಗ್ಟನ್ನಿನಲ್ಲಿ: 2025ರ ಸೆಪ್ಟೆಂಬರಿನಲ್ಲಿ, ಹೊರಗಿನಿಂದ ಬರುವವನ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರು ಎಂದು ಗೊತ್ತುಮಾಡಿದರು. ಅಕ್ಕನ ಮಗ, ನನ್ನ ಅಳಿಯ, ಅದಕ್ಕೆ ಮುಂಚೆಯೇ ದಾಟಿಕೊಂಡ.

ಅವನ ಕಂಪನಿ ಕೈ ಕುಲುಕುವುದು ಹೇಗೆಂದು ವಿಡಿಯೋ ತೋರಿಸಿ, ದಪ್ಪನೆಯ ಕೈಪಿಡಿ ಕೊಟ್ಟಿತ್ತು. ಅಮೆರಿಕದ ಎಡಿಸನ್ನಿಗೆ ಹೊರಡುವ ರಾತ್ರಿ ಸೂಟ್‌ಕೇಸಿಗೆ ತೂಕದ ಕೊಕ್ಕೆ ಸಿಕ್ಕಿಸಿ ಎತ್ತಿದೆವು. 24.6. ಮಿತಿ 23. ಅಕ್ಕ ಮುಚ್ಚಳ ತೆಗೆದು, ಕೈಪಿಡಿ ತೆಗೆದಳು, ಸಾಲಲಿಲ್ಲ. ಬೂಟು ತೆಗೆದಳು.

“ಅವ್ವಾ, ಬೂಟ್ ಇರಲಿ, ಹಿಂಡಿ ತಗೀ. ಎಡಿಸನ್‌ದಾಗ ಎಲ್ಲಾ ಸಿಗ್ತದ.”

“ಎಲ್ಲಾ ಸಿಗ್ತದ. ನಮ್ಮನೀದು ಸಿಗಂಗಿಲ್ಲ.”

ಶೇಂಗಾ ಹಿಂಡಿ ಒಳಗೇ ಉಳಿಯಿತು. 22.9. ಅಳಿಯ ಲಿಬರ್ಟಿ ಚೌರಸ್ತಾದಿಂದ ಚಪ್ಪಲಿಯಲ್ಲಿ ಹೊರಟು ನೆವಾರ್ಕಿನ ಲಿಬರ್ಟಿ ವಿಮಾನ ನಿಲ್ದಾಣದಲ್ಲಿ ಚಪ್ಪಲಿಯಲ್ಲೇ ಇಳಿದ. ಮೊದಲ ವಾರವೇ ತಂಡದ ಮ್ಯಾನೇಜರು ಹಿಂಡಿ ರುಚಿ ನೋಡಿ ಇನ್ನೊಂದು ಚಮಚ ಕೇಳಿದರಂತೆ. ಕೈಪಿಡಿಯಲ್ಲಿ ಇಂಥದಕ್ಕೆ ‘ಸಾಂಸ್ಕೃತಿಕ ಹೊಂದಾಣಿಕೆ’ ಎಂದು ಇಡೀ ಒಂದು ಅಧ್ಯಾಯವಿದೆ. ಆ ಕೈಪಿಡಿ ಈಗ ಅಕ್ಕನ ಫ್ರಿಜ್ಜಿನ ಮೇಲಿದೆ.

ಇನ್ನು ಪೋಷಣೆ. ದಿನಾ ಅವನ ರಾತ್ರಿ ಒಂಬತ್ತೂವರೆ, ಅಕ್ಕನ ಬೆಳಗಿನ ಏಳು. ಫೋನು ಬರುವ ತನಕ ಅಕ್ಕ ಚಹಾ ಸೋಸುವುದಿಲ್ಲ. ನವೆಂಬರಿನ ಒಂದು ಸೋಮವಾರ ಏಳಾಯಿತು, ಏಳೂವರೆಯಾಯಿತು, ಫೋನಿಲ್ಲ. ಅಕ್ಕ ನನಗೆ ಫೋನು ಮಾಡಿದಳು, ಬಾಲಾಜಿಗೆ ಹರಕೆ ಹೊತ್ತಳು, ಚಹಾ ಕುದ್ದು ಕಷಾಯವಾಯಿತು. ಸರಿಯಾಗಿ ಎಂಟಕ್ಕೆ ಅವನ ಫೋನು: ಅಮೆರಿಕದಲ್ಲಿ ಗಡಿಯಾರ ಒಂದು ತಾಸು ಹಿಂದಿಟ್ಟಿದ್ದಾರೆ, ಅಷ್ಟೇ.

ವೀಸಾ ಮೂರು ವರ್ಷದ್ದು, ಇನ್ನೂ ಮೂರು ಬೆಳೆಸಬಹುದು ಎಂಬುದು ಅಕ್ಕನಿಗೆ ಬಾಯಿಪಾಠ. ಈ ಗಡಿಯಾರದ ವಿಷಯ ಮಾತ್ರ ಯಾರೂ ಹೇಳಿರಲಿಲ್ಲ. ಸಂಜೆ ಹೋದಾಗ ನನ್ನನ್ನೇ ಕೇಳಿದಳು.

“ನಮ್ಮ ಆ ಒಂದ್ ತಾಸು ಎಲ್ಲಿ ಇಟ್ಕೊಂಡಾರ?”

“ಮಾರ್ಚಿನ್ಯಾಗ ವಾಪಸ್ ಕೊಡ್ತಾರಕ್ಕಾ.”

“ಹುಡುಗನ್ನ?”