ತಪ್ಪೆಲ್ಲ ರೀಡಿನದ್ದು

ಮಂಗಳೂರಿನಲ್ಲಿ ಬ್ಯಾಂಕಿನಿಂದ ನಿವೃತ್ತನಾದವನಿಗೆ ದಾರಿಗಳು ಹೆಚ್ಚಿಲ್ಲ. ಬೆಳಿಗ್ಗೆ ಕದ್ರಿ ಪಾರ್ಕಿನಲ್ಲಿ ಸುತ್ತು ಹಾಕಬಹುದು. ಫ್ಲ್ಯಾಟಿನವರ ಸಂಘಕ್ಕೆ ಕಾರ್ಯದರ್ಶಿಯಾಗಿ ನೀರಿನ ಟ್ಯಾಂಕರಿನ ಲೆಕ್ಕ ಬರೆಯಬಹುದು. ಸಂಜೆ ತಾಳಮದ್ದಳೆಗೆ ಹೋಗಿ, ಅರ್ಥ ಹೇಳುವವರಿಗಿಂತ ನಮಗೇ ಹೆಚ್ಚು ಗೊತ್ತು ಎಂಬ ಮುಖ ಹೊತ್ತು ಮುಂದಿನ ಸಾಲಿನಲ್ಲಿ ಕೂರಬಹುದು. ಇದೆಲ್ಲ ಬೇಡವೆಂದು ನಾನು ಊದುವ ವಾದ್ಯ ಕಲಿಯುತ್ತೇನೆ ಎಂದು ಮನೆಯಲ್ಲಿ ಘೋಷಿಸಿದೆ.

"ಊದುವುದೆಂದರೆ ಎಂತದ್ದು? ವಾಲಗವಾ, ಬ್ಯಾಂಡಾ?" ಎಂದಳು ಹೆಂಡತಿ.

ಪಾಶ್ಚಾತ್ಯರ ಸಂಗೀತಶಾಲೆಗಳಲ್ಲಿ ಮಕ್ಕಳ ಮುಂದಿಡುವುದೂ ಇದೇ ಪ್ರಶ್ನೆ. ಬ್ರಾಸೋ, ವುಡ್‌ವಿಂಡೋ? ಹಿತ್ತಾಳೆಯೋ, ಮರವೋ? ನಮ್ಮ ಶಾಸ್ತ್ರಕಾರರು ಊದುವುದನ್ನೆಲ್ಲ ಸುಷಿರ ಎಂಬ ಒಂದೇ ಬುಟ್ಟಿಗೆ ಹಾಕಿ ಹಾಯಾಗಿದ್ದರು. ಆ ಕಡೆಯವರು ಹಾಗಲ್ಲ, ಭಾಗ ಮಾಡಿಯೇ ಸಿದ್ಧ. ಮಾಡಿದ್ದಾದರೂ ನೆಟ್ಟಗೆ ಮಾಡಿದರೇ? ವಾದ್ಯ ಯಾವುದರಿಂದ ಆಗಿದೆ ಎಂಬುದಕ್ಕೂ ಅದು ಯಾವ ಪಾಲಿಗೆ ಸೇರುತ್ತದೆ ಎಂಬುದಕ್ಕೂ ಸಂಬಂಧವೇ ಇಲ್ಲ. ತುಟಿಯೇ ಅದುರಿ ನಾದ ಹುಟ್ಟಿದರೆ ಅದು ಬ್ರಾಸ್. ಬೆತ್ತದಂಥ ಜೊಂಡಿನ ಪಟ್ಟಿ ಅದುರಿದರೆ, ಇಲ್ಲವೇ ಕೊಳಲಿನ ಹಾಗೆ ಉಸಿರು ರಂಧ್ರದ ಅಂಚಿಗೆ ಬಡಿದು ನಾದ ಹುಟ್ಟಿದರೆ ವುಡ್‌ವಿಂಡ್. ಈ ನ್ಯಾಯದ ಪ್ರಕಾರ ಬೆಳ್ಳಿಯ ಕೊಳಲು ಮರದ ಪಾಲಿಗೆ. ಸಮುದ್ರದ ಹುಳು ಕಟ್ಟಿಕೊಂಡ ಶಂಖ ಹಿತ್ತಾಳೆಯ ಪಾಲಿಗೆ. ನಮ್ಮ ಊರಿನ ಭೂತಕೋಲದಲ್ಲಿ ಎರಡು ಪಂಗಡವೂ ಅಕ್ಕಪಕ್ಕ ನಿಂತಿರುತ್ತವೆ. ಕೊಂಬು ಬ್ರಾಸ್, ನಾಗಸ್ವರ ವುಡ್‌ವಿಂಡ್. ಅವುಗಳ ಜಾತಿ ಯಾವುದೆಂದು ದೈವ ಈವರೆಗೆ ಕೇಳಿದ್ದಿಲ್ಲ.

ಮೊದಲು ಮನಸ್ಸು ಹೋದದ್ದು ಟ್ರಂಪೆಟ್ಟಿನ ಕಡೆಗೆ. ಅದಕ್ಕೆ ಕಾರಣ ಮಂಗಳೂರೇ. ಇಲ್ಲಿ ಇಗರ್ಜಿಯ ಮದುವೆಗಳಲ್ಲಿ ಬ್ಯಾಂಡಿನವರು ಬಿಳಿ ಅಂಗಿ ತೊಟ್ಟು ಊದಲು ಶುರು ಮಾಡಿದರೆ ಮಂಡಿನೋವಿನ ಅಜ್ಜಿಯರೂ ಎದ್ದು ಬೈಲಾ ಕುಣಿಯುತ್ತಾರೆ. ಕುದ್ರೋಳಿಯ ದಸರಾ ಮೆರವಣಿಗೆಯಲ್ಲಿ ಸ್ತಬ್ಧಚಿತ್ರ, ಹುಲಿವೇಷಗಳ ನಡುವೆ ಬ್ಯಾಂಡು ಹಾದುಹೋಗುವಾಗ ನನ್ನ ಎದೆಯೂ ಅರ್ಧ ಇಂಚು ಮುಂದೆ ಬಂದದ್ದುಂಟು. ಮೇಲಾಗಿ ಟ್ರಂಪೆಟ್ಟಿಗೆ ಇರುವುದು ಮೂರೇ ಒತ್ತುಗುಂಡಿ. ಮೂರು ಗುಂಡಿ ಒತ್ತಲು ಯಾವ ಮಹಾವಿದ್ಯೆ ಬೇಕು?

ಮೋಸ ಇರುವುದೇ ಆ ಮೂರರಲ್ಲಿ. ಯಾವ ಗುಂಡಿಯನ್ನೂ ಒತ್ತದೆ ಷಡ್ಜ, ಪಂಚಮ, ಮೇಲಿನ ಷಡ್ಜ, ಅದರ ಮೇಲಿನ ಗಾಂಧಾರ ಎಲ್ಲವೂ ಅದೇ ಕೊಳವೆಯಿಂದ ಹೊರಡುತ್ತವೆ. ಯಾವುದು ಹೊರಡಬೇಕೆಂದು ತೀರ್ಮಾನಿಸುವುದು ತುಟಿಯ ಬಿಗಿ ಮತ್ತು ಉಸಿರಿನ ರಭಸ. ಬೆರಳಿಗೆ ಕೆಲಸ ಕಡಿಮೆ, ತುಟಿಗೆ ಜೀತ. ಪಂಚಮ ಬರಬೇಕಾದಲ್ಲಿ ಗಾಂಧಾರ ಬಂದರೆ ದೂರುವುದಕ್ಕೆ ಜಗತ್ತಿನಲ್ಲಿ ಬೇರೆ ಯಾರೂ ಇಲ್ಲ. ನಿಮ್ಮದೇ ತುಟಿ, ನಿಮ್ಮದೇ ಮರ್ಯಾದೆ.

ಇದು ನನ್ನಂಥವನಿಗೆ ಒಗ್ಗುವ ವ್ಯವಸ್ಥೆಯಲ್ಲ. ಬ್ಯಾಂಕಿನ ಕೌಂಟರಿನ ಹಿಂದೆ ನನ್ನನ್ನು ಕಾಪಾಡಿದ್ದು 'ಸರ್ವರ್ ಡೌನ್' ಎಂಬ ಮಂತ್ರ. ಗಿರಾಕಿಗೆ ಸಿಟ್ಟು ಬರಬಹುದು, ಆದರೆ ಅದು ನನ್ನ ಮೇಲಲ್ಲ, ಯಾರೂ ಕಂಡರಿಯದ ಆ ಸರ್ವರಿನ ಮೇಲೆ. ವಾದ್ಯಕ್ಕೂ ಅಂಥದ್ದೊಂದು ಸರ್ವರ್ ಬೇಡವೇ?

ವುಡ್‌ವಿಂಡಿನವರಿಗೆ ಅದು ಉಂಟು. ಅದರ ಹೆಸರು ರೀಡು. ದಕ್ಷಿಣ ಫ್ರಾನ್ಸಿನ ವಾರ್ ಪ್ರಾಂತ್ಯದ ಜೊಂಡು ಇದಕ್ಕೆ ಬಹಳ ಹೆಸರುವಾಸಿ. ಒಂದೇ ಪೆಟ್ಟಿಗೆಯ ರೀಡುಗಳಲ್ಲಿ ಒಂದು ಹಾಡಿದರೆ ಇನ್ನೊಂದು ಕೀರುತ್ತದೆ, ಮತ್ತೊಂದು ಉಸಿರನ್ನಷ್ಟೇ ದಾಟಿಸಿ ಸುಮ್ಮನಿರುತ್ತದೆ. ಒಣಗಿದರೂ ತಪ್ಪು, ನೆನೆದು ಮುದುಡಿದರೂ ತಪ್ಪು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ, ಮಡಚಿಟ್ಟ ಪಂಚೆಗೂ ಬೂಷ್ಟು ಹಿಡಿಯುವ ಆಷಾಢದಲ್ಲಿ, ರೀಡಿನ ಮೇಲೆ ಎಂಥ ಅಪವಾದ ಹೊರಿಸಿದರೂ ನಂಬದವರಿಲ್ಲ. ನಾಗಸ್ವರದ ವಿದ್ವಾಂಸರನ್ನು ನೋಡಿ. ಸೀವಾಳಿ ಎಂಬ ತಮ್ಮ ರೀಡುಗಳಲ್ಲಿ ಹೆಚ್ಚುವರಿಯಾದವನ್ನು ದಾರದಲ್ಲಿ ಕಟ್ಟಿ, ಎಲ್ಲರಿಗೂ ಕಾಣುವಂತೆ ವಾದ್ಯಕ್ಕೇ ನೇತುಹಾಕಿಕೊಂಡಿರುತ್ತಾರೆ. ಅವರಿಗೆ ಅದು ಸಾಧನ. ನನ್ನ ಕಣ್ಣಿಗೆ ಮಾತ್ರ ಅದು ಮುಂಗಡವಾಗಿ ತಯಾರಿಸಿಟ್ಟ ನೆಪಗಳ ಗೊಂಚಲು.

ದಂತವೈದ್ಯರೂ ಇದೇ ಪಕ್ಷ. ಟ್ರಂಪೆಟ್ಟಿನ ಬಾಯಿಬಟ್ಟಲು ತುಟಿಯ ಮೂಲಕ ಒತ್ತುವುದು ನೇರವಾಗಿ ಮುಂದಿನ ಹಲ್ಲುಗಳ ಮೇಲೆ. ನನ್ನ ಮುಂದಿನ ಹಲ್ಲುಗಳಲ್ಲಿ ನನ್ನವು ಎಷ್ಟು, ವೈದ್ಯರವು ಎಷ್ಟು ಎಂಬ ಲೆಕ್ಕ ಅವರಿಗೇ ಚೆನ್ನಾಗಿ ಗೊತ್ತು. "ತಾರಸ್ಥಾಯಿಗೆ ಹೋಗಬೇಡಿ ಮಾರಾಯ್ರೆ, ಸೆಟ್ ಬ್ಯಾಂಡಿನ ಒಳಗೆ ಹೋದೀತು" ಎಂದರು. ಹೆಂಡತಿ ಇನ್ನೊಂದು ಅಂಶ ಸೇರಿಸಿದಳು. ಬ್ರಾಸ್ ವಾದ್ಯದ ಒಳಗೆ ಉಸಿರಿನ ತೇವ ನೀರಾಗಿ ನಿಲ್ಲುತ್ತದೆ, ಅದನ್ನು ಹೊರಬಿಡಲೆಂದೇ ಅಡಿಯಲ್ಲಿ ಒಂದು ಕೀಲಿ ಇರುತ್ತದೆ ಎಂದು ಅವಳಿಗೆ ಎಲ್ಲಿಂದಲೋ ಸುದ್ದಿ ಸಿಕ್ಕಿತ್ತು. "ನನ್ನ ಚಾವಡಿಯಲ್ಲಿ ಅದು ನಡೆಯುವುದಿಲ್ಲ. ತಂದರೆ ದೀಪದ ಜೊತೆ ಅದನ್ನೂ ಬಿಂಬುಳಿ ಹಾಕಿ ತಿಕ್ಕಿಬಿಡುತ್ತೇನೆ." ಟ್ರಂಪೆಟ್ಟಿಗೆ ಬಳಿದ ಲ್ಯಾಕರ್ ಬಿಂಬುಳಿಯ ಎದುರು ಎಷ್ಟು ಹೊತ್ತು ನಿಂತೀತು?

ಹಾಗಾದರೆ ಸ್ಯಾಕ್ಸೋಫೋನ್ ಇದೆಯಲ್ಲ ಎಂದು ಓದುಗರು ಇಷ್ಟು ಹೊತ್ತಿಗೆ ಚಡಪಡಿಸುತ್ತಿರಬೇಕು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯಕ್ಕೆ ಮೈಯೆಲ್ಲ ಹಿತ್ತಾಳೆ, ಬಾಯಲ್ಲಿ ಮಾತ್ರ ಜೊಂಡಿನ ರೀಡು. ಆದ್ದರಿಂದ ವುಡ್‌ವಿಂಡ್. ಬ್ಯಾಂಡಿನ ಹೊಳಪೂ ಸಿಕ್ಕಿತು, ರೀಡಿನ ನೆಪವೂ ಸಿಕ್ಕಿತು. ಬೇರೆ ಯಾವ ಊರಿನಲ್ಲಿದ್ದರೂ ಕಣ್ಣುಮುಚ್ಚಿ ಅದನ್ನೇ ತರುತ್ತಿದ್ದೆ. ಮಂಗಳೂರಿನಲ್ಲಿ ತರುವ ಧೈರ್ಯ ಯಾರಿಗುಂಟು?

ಇದು ಕದ್ರಿ ಗೋಪಾಲನಾಥರ ಊರು. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದವರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನೂ ನಾಗಸ್ವರವನ್ನೇ ಹಿಡಿಯಬೇಕಾಗಿತ್ತು. ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತ ಹುಡುಗ ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಆಮೇಲೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತ. ಅಲ್ಲಿ ಎದುರಾದ ತೊಡಕು ಸಣ್ಣದಲ್ಲ. ನಾಗಸ್ವರದಲ್ಲಿ ಬೆರಳು ನೇರವಾಗಿ ರಂಧ್ರದ ಮೇಲೆ ಕೂರುತ್ತದೆ. ಅರ್ಧ ಮುಚ್ಚಿ, ಕಾಲು ತೆರೆದು ಗಮಕ ತೂಗಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ಮಧ್ಯೆ ಕೀಲಿ, ಮುಚ್ಚಳ, ಸ್ಪ್ರಿಂಗು. ಅದು ಸ್ವರದಿಂದ ಸ್ವರಕ್ಕೆ ಮೆಟ್ಟಿಲು ಹತ್ತುವ ಯಂತ್ರ. ಅದರಲ್ಲಿ ಕಲ್ಯಾಣಿಯನ್ನು ಜಾರಿಸಲು ಅವರು ವಾದ್ಯವನ್ನೇ ಅಷ್ಟಿಷ್ಟು ಮಾರ್ಪಡಿಸಿಕೊಂಡರು, ಉಳಿದದ್ದನ್ನು ತುಟಿ ಮತ್ತು ಉಸಿರಿನಿಂದ ಸಾಧಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರಾಮ್ಸ್ ವೇದಿಕೆ ಏರಿದರು. ಅದೇ ವರ್ಷ 'ಡ್ಯುಯೆಟ್' ಚಿತ್ರಕ್ಕೂ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲೇ ತೀರಿಕೊಂಡರು.

ಪರಿಣಾಮ ಏನೆಂದರೆ, ಇಲ್ಲಿ ದೇವರ ಬಲಿಗೂ ಸ್ಯಾಕ್ಸೋಫೋನ್, ಮದುವೆಯ ದಿಬ್ಬಣಕ್ಕೂ ಸ್ಯಾಕ್ಸೋಫೋನ್, ಕೋಲದಲ್ಲೂ ಡೋಲಿನ ಪಕ್ಕ ಸ್ಯಾಕ್ಸೋಫೋನ್. ಹೂವಿನವಳಿಗೂ ಅದರ ಶ್ರುತಿ ಗೊತ್ತು. ಆಟೋ ಚಾಲಕನೂ ಆಲಾಪನೆ ಕೇಳಿ "ಇದು ಕದ್ರಿಯವರ ಹಾಗೆ ಇಲ್ಲ" ಎಂದಾನು. ಇಂಥ ಊರಿನಲ್ಲಿ ಸ್ಯಾಕ್ಸೋಫೋನ್ ಕೀರಿದರೆ ರೀಡಿನ ಮೇಲೆ ಹಾಕಿದರೂ ದಕ್ಕುವುದಿಲ್ಲ. ನೆಪಕ್ಕೂ ಒಂದು ಅನುಕೂಲದ ವಾತಾವರಣ ಬೇಕು.

ಕೊನೆಗೆ ಗೆದ್ದದ್ದು ಕ್ಲಾರಿನೆಟ್. ಎ.ಕೆ.ಸಿ. ನಟರಾಜನ್ ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿ ಹೆಸರಾದವರು. ಆದರೆ ಅವರು ತಮಿಳುನಾಡಿನವರು, ನಮ್ಮ ಓಣಿಯವರೆಗೆ ಆ ಹೋಲಿಕೆ ಬರಲಿಕ್ಕಿಲ್ಲ. ರೀಡು ಉಂಟು. ಸಾಲದ್ದಕ್ಕೆ ಸಹಜವಾದ ಇನ್ನೊಂದು ನೆಪವೂ ಉಂಟು. ಜೋರಾಗಿ ಊದಿದರೆ ಕೊಳಲು, ಸ್ಯಾಕ್ಸೋಫೋನ್‌ಗಳು ಮೇಲಿನ ಸ್ಥಾಯಿಯ ಅದೇ ಸ್ವರಕ್ಕೆ ಏರುತ್ತವೆ. ಕ್ಲಾರಿನೆಟ್ ಮಾತ್ರ ಅದನ್ನೂ ದಾಟಿ ಮೇಲಿನ ಪಂಚಮಕ್ಕೆ ಹಾರುತ್ತದೆ. ಆದ್ದರಿಂದ ಕೆಳಗೆ ಕಲಿತ ಬೆರಳು ಮೇಲೆ ಉಪಯೋಗಕ್ಕೆ ಬಾರದು. ಇದು ಭೌತಶಾಸ್ತ್ರದ ತಪ್ಪು, ನನ್ನದಲ್ಲ. ನೋಡಿದವರು ಮೊದಲು "ಇದು ನಾಗಸ್ವರವಾ?" ಎನ್ನುತ್ತಾರೆ. ಅಲ್ಲ ಎಂದ ಮೇಲೆ ಅದು ಹೇಗೆ ಕೇಳಬೇಕು ಎಂಬುದರ ಬಗ್ಗೆ ಅವರಲ್ಲಿ ಯಾವ ಅಭಿಪ್ರಾಯವೂ ಉಳಿಯುವುದಿಲ್ಲ. ಕಲಿಯುವವನಿಗೆ ಇದಕ್ಕಿಂತ ದೊಡ್ಡ ವರ ಬೇಡ.

ಒಳ್ಳೆಯ ಕ್ಲಾರಿನೆಟ್ಟನ್ನು ಆಫ್ರಿಕದ ಕರಿಮರದಲ್ಲಿ ಮಾಡುತ್ತಾರೆ. ನಮ್ಮ ಮಳೆಗೆ ಮರ ಉಬ್ಬಿ, ಬೇಸಿಗೆಗೆ ಬಿರುಕು ಬಿಟ್ಟೀತೆಂದು ಅಂಗಡಿಯವರು ಕೊಟ್ಟದ್ದು ಪ್ಲಾಸ್ಟಿಕ್ಕಿನದ್ದು. ಅದರಲ್ಲಿ ಮರವೂ ಇಲ್ಲ, ಹೇಳಿಕೊಳ್ಳುವಷ್ಟು ಹಿತ್ತಾಳೆಯೂ ಇಲ್ಲ. ಅಭ್ಯಾಸ ಸಂಜೆ ಐದರಿಂದ ಆರರವರೆಗೆ. ಕೆಳಗಿನ ಮಹಡಿಯವರು ದಯವಿಟ್ಟು ಆ ಹೊತ್ತಿಗೆ ಕಿಟಕಿ ಮುಚ್ಚಿಕೊಳ್ಳಬೇಕು. ದೂರು ಇದ್ದರೆ ರೀಡು ತಯಾರಿಸಿದವರಿಗೆ ಬರೆಯಬೇಕು.