ಸೈಕಲ್ ಮಾವ

ಸೈಕಲ್ ಮಾವನ ಬಳಿ ಸೈಕಲ್ ಇಲ್ಲ. ಇದ್ದದ್ದು ಮಿಡ್ಲ್‌ಸ್ಕೂಲಿನಿಂದ ಕಾಲೇಜಿನ ತನಕ. ಅದು ಯಾವ ಕಂಪನಿಯದು ಎಂಬುದನ್ನು ರಿಟೈರ್ ಆದ ಮಾರನೆಯ ದಿನದಿಂದ ಹುಡುಕುತ್ತಿದ್ದಾರೆ. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಬೀದಿಗೊಬ್ಬರಾದರೂ ಇಂಥವರು ಸಿಗುತ್ತಾರೆ. ಬೆಳಗಿನ ವಾಕಿಂಗಿಗೆ ಹೊರಟ ಹಿರಿಯರೊಬ್ಬರು ಹಾಲಿನ ಬೂತಿನ ಮುಂದೆ ನಿಲ್ಲಿಸಿದ ತುಕ್ಕು ಸೈಕಲ್ಲಿನೆದುರು ಕುಕ್ಕರಗಾಲಲ್ಲಿ ಕೂತು, ಮನೆಯ ಬೀಗದ ಕೈಯಿಂದ ಹ್ಯಾಂಡಲ್ಲಿನ ಕೆಳಭಾಗ ಕೆರೆಯುತ್ತಿದ್ದರೆ ಅವರೇ ಎಂದು ತಿಳಿಯಬಹುದು. ಸೈಕಲ್ಲಿನವನು ಓಡಿ ಬಂದು "ಏನ್ರೀ ಅದು?" ಎಂದು ಗದರಿದರೆ ಮಾವ ತಲೆ ಎತ್ತುವುದಿಲ್ಲ. "ಕೊಕ್ಕರೆ ಇದೆಯಾ ಅಂತ ನೋಡ್ತಿದ್ದೆ" ಎನ್ನುತ್ತಾರೆ.

ಕೊಕ್ಕರೆ ಇದ್ದರೆ ರಾಲಿ. ನಾಟಿಂಗ್‌ಹ್ಯಾಮಿನ ಆ ಕಂಪನಿ ಮುಂದಿನ ಬಿಲ್ಲೆಯ ಮೇಲೆ ಕೊಕ್ಕರೆಯ ತಲೆ ಅಚ್ಚು ಹಾಕಿದ್ದು ಸಾಲದೆಂದು ಚೈನ್‌ವೀಲಿನ ಒಳಗೂ ಕೊಕ್ಕರೆಗಳನ್ನೇ ಕೊರೆಯುತ್ತಿತ್ತು. ಅಲ್ಲಿ ಅಂಗೈ ಕಂಡರೆ ರಡ್ಜ್. ಮುಂದಿನ ಫೋರ್ಕಿಗೆ ಒಂದೊಂದು ಕಡೆ ಎರಡೆರಡು ಕೊಳವೆ ಇದ್ದರೆ ಹಂಬರ್. ಒಂದಕ್ಕೊಂದು ಒರಗಿ ನಿಂತ ಮೂರು ಬಂದೂಕು ಇದ್ದರೆ ಬಿಎಸ್‌ಎ. ಸೈಕಲ್ಲಿಗೆ ಮೊದಲು ಅವರ ಕಸುಬೇ ಬಂದೂಕು. ಇಷ್ಟೆಲ್ಲ ಗೊತ್ತಿದ್ದ ಮೇಲೆ ಗುರುತು ಹಿಡಿಯುವುದಕ್ಕೇನು ಕಷ್ಟ ಎನ್ನುತ್ತೀರಿ. ಕಷ್ಟ ಇರುವುದು ಇಲ್ಲೇ: ಮಾವನ ನೆನಪಿನ ಸೈಕಲ್ಲಿಗೆ ಕೊಕ್ಕರೆಯೂ ಇದೆ, ಅಂಗೈಯೂ ಇದೆ, ಎರಡೆರಡು ಕೊಳವೆಯ ಫೋರ್ಕೂ ಇದೆ. ಮಳೆಗಾಲದಲ್ಲಿ ಬಂದೂಕೂ ಸೇರಿಕೊಳ್ಳುತ್ತದೆ.

ಬಣ್ಣ ಕೇಳಿದರೆ, "ಕಪ್ಪು. ಬಿಸಿಲಿಗೆ ಬಂದ್ರೆ ಹಸಿರು." ಬೆಲ್ಲು ನಂಜುಮಳಿಗೆಯಲ್ಲಿ ಹೊಡೆದರೆ ಅಗ್ರಹಾರಕ್ಕೆ ಕೇಳುತ್ತಿತ್ತಂತೆ. ಶ್ರೀರಂಗಪಟ್ಟಣಕ್ಕೆ ಹೋಗಲು ಮೊದಮೊದಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಕಳೆದ ಯುಗಾದಿಯ ಹೊತ್ತಿಗೆ ಅದು ಇಪ್ಪತ್ತೈದು ನಿಮಿಷಕ್ಕೆ ಇಳಿದಿದೆ. ದೀಪವಿಲ್ಲದೆ ಡಬಲ್ಸ್ ಹೊರಟಾಗ ಪೊಲೀಸು ಎರಡೂ ಟೈರಿನ ಗಾಳಿ ಬಿಟ್ಟದ್ದು, ಬಾರಿನ ಮೇಲೆ ಕೂತಿದ್ದವನು ಆ ಕ್ಷಣವೇ ಮಾಯವಾದದ್ದು, ಅವನ ಗೋತ್ರ, ಎಲ್ಲ ನೆನಪಿದೆ. ಮುನಿಸಿಪಾಲಿಟಿ ಲೈಸೆನ್ಸ್ ಬಿಲ್ಲೆಯ ನಂಬರು ಇವತ್ತಿಗೂ ಕಂಠಪಾಠ. ನೆನಪಿಲ್ಲದ್ದು ಕಂಪನಿಯ ಹೆಸರೊಂದೇ. ಆದರೆ ಅದು ಇಂಗ್ಲೆಂಡಿನದು ಎಂಬ ವಿಷಯದಲ್ಲಿ ಮಾತ್ರ ಸಂಶಯವಿಲ್ಲ.

ಅವರೆದುರು ಅಸನ್ಸೋಲ್ ಎಂಬ ಊರಿನ ಹೆಸರು ಎತ್ತಬಾರದು. 1951ರಿಂದಲೇ ಮದರಾಸಿನ ಪಕ್ಕದ ಅಂಬತ್ತೂರಿನಲ್ಲಿ ಹರ್ಕ್ಯುಲಿಸ್ ತಯಾರಾಗುತ್ತಿತ್ತು. ಅದೇ ವರ್ಷ ಸೋನಿಪತ್‌ನಲ್ಲಿ ಅಟ್ಲಾಸ್ ಶುರುವಾಯಿತು, 1956ರಲ್ಲಿ ಲುಧಿಯಾನದಲ್ಲಿ ಹೀರೋ. ರಾಲಿ, ರಡ್ಜ್, ಹಂಬರ್ ಇವುಗಳನ್ನೆಲ್ಲ ಐವತ್ತರ ದಶಕದಿಂದ ಬಂಗಾಳದ ಅಸನ್ಸೋಲಿನಲ್ಲಿ ಸೆನ್-ರಾಲಿಯವರು ಮಾಡುತ್ತಿದ್ದರು. ಮಾವ ಒಳಪೆಡಲ್ ಕಲಿತದ್ದು 1964ರಲ್ಲಿ. ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ, ಹಾಕಬಾರದು. ಒಮ್ಮೆ ಹಾಕಿದ ಬ್ಯಾಂಕಿನ ರಾಯರ ಜೊತೆ ಮಾವ ದಸರಾ ಕಳೆಯುವ ತನಕ ಮಾತಾಡಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಅದು ರಾಬಿನ್‌ಹುಡ್ ಇರಬೇಕು. ರಾಲಿಯವರೇ ಕಡಿಮೆ ಬೆಲೆಗೆ ಮಾಡುತ್ತಿದ್ದ ಮಾಲು. ಮಾವನ ತಂದೆ ಲೋಯರ್ ಸೆಕೆಂಡರಿ ಮೇಷ್ಟರು. ಆದರೆ ಅವರ ಮನೆಯ ಕಾಫಿ ಚೆನ್ನಾಗಿರುತ್ತದೆ, ನಾನು ಬಾಯಿ ಬಿಟ್ಟಿಲ್ಲ.

ಪಾರ್ಕಿನ ಬೆಂಚಿನ ಮೇಲೆ ಇಂಥ ನಾಲ್ವರು ಕೂಡಿದರೆ ಕೇಳಬೇಕು. ಒಬ್ಬರು ಹಂಬರ್ ಪಕ್ಷ, ಒಬ್ಬರು ರಡ್ಜ್, ಒಬ್ಬರು ಬಿಎಸ್‌ಎ, ಇನ್ನೊಬ್ಬರು ಹರ್ಕ್ಯುಲಿಸ್. ಇಂಗ್ಲೆಂಡಿನಲ್ಲಿ ಹಂಬರ್ ಸೈಕಲ್ಲನ್ನು ರಾಲಿಯವರು 1932ರಲ್ಲೇ ಕೊಂಡಿದ್ದರು, ರಡ್ಜನ್ನು 1943ರಲ್ಲಿ, ಬಿಎಸ್‌ಎ ಸೈಕಲ್ಲನ್ನು 1957ರಲ್ಲಿ. ಹರ್ಕ್ಯುಲಿಸ್ 1960ರಲ್ಲಿ ಅದೇ ಮನೆ ಸೇರಿತು. ಅಂದರೆ ಈ ನಾಲ್ವರು ಬಿಪಿ ಏರಿಸಿಕೊಂಡು ಜಗಳವಾಡುತ್ತಿರುವುದು ಒಂದೇ ಕೂಡುಕುಟುಂಬದ ನಾಲ್ಕು ಸೊಸೆಯರ ಪರವಾಗಿ.

ದಾಖಲೆ ಬೇಡವೇ ಎಂದು ಮಾವ ದೊಡ್ಡಣ್ಣನ ಮದುವೆಯ ಫೋಟೋ ಹೊರತೆಗೆದರು. ಬಲಮೂಲೆಯಲ್ಲಿ, ಚಪ್ಪರದ ಕಂಬದಾಚೆ, ಅರ್ಧ ಹಿಂದಿನ ಗಾಲಿ ಕಾಣುತ್ತದೆ. ಸ್ಟುಡಿಯೋಗೆ ಕೊಟ್ಟು ಅದನ್ನು ಮಾತ್ರ ದೊಡ್ಡದು ಮಾಡಿಸಿ ಹಾಲಿನಲ್ಲಿ ತೂಗು ಹಾಕಿದ್ದಾರೆ. "ಮದುವೆ ಫೋಟೋ ಅಂತಾರೆ, ಭಾವನೋರೂ ಇಲ್ಲ ಅಕ್ಕನೂ ಇಲ್ಲ, ಬಂದೋರಿಗೆಲ್ಲ ಗಾಲಿ ತೋರಿಸ್ಬೇಕು" ಎಂದು ಅತ್ತೆ ಗೊಣಗುತ್ತಾರೆ. ಮಾವ ಭೂತಗನ್ನಡಿ ಹಿಡಿದು ಕಡ್ಡಿ ಎಣಿಸಿದರು: ಹತ್ತೊಂಬತ್ತು. ಇಪ್ಪತ್ತನೆಯದು ಬೀಗರ ಪಂಚೆಯ ಹಿಂದಿದೆ ಎಂದು ತೀರ್ಮಾನಿಸಿದರು. ಹಿಂದೆ ನಲವತ್ತು, ಮುಂದೆ ಮೂವತ್ತೆರಡು ಕಡ್ಡಿ ಹಾಕುವುದು ಇಂಗ್ಲಿಷರ ಪದ್ಧತಿ. "ನೋಡಿದ್ಯಾ!" ಎಂದರು. ಲುಧಿಯಾನದವರೂ ಅಷ್ಟೇ ಹಾಕುತ್ತಿದ್ದರು ಎಂದು ಯಾರು ಹೇಳಬೇಕು?

ಇನ್ನೊಂದು ದಾಖಲೆ ಗೇರು. ಮಾವನ ಸೈಕಲ್ಲಿಗೆ ಮೂರು ಗೇರಿತ್ತು. ಸ್ಟರ್ಮಿ-ಆರ್ಚರ್ ಕಂಪನಿ ತನ್ನ ಮೂರು ಗೇರಿನ ಹಬ್ಬಿನ ಮೇಲೆ ತಯಾರಾದ ವರ್ಷ, ತಿಂಗಳು ಎರಡನ್ನೂ ಒತ್ತುತ್ತಿತ್ತು; ಹಬ್ಬು ಸಿಕ್ಕರೆ ಸೈಕಲ್ಲಿನ ಜಾತಕವೇ ಸಿಕ್ಕ ಹಾಗೆ. ಸಿಗಬೇಕಷ್ಟೆ. ಗೇರಿನ ಕಡ್ಡಿ ಎಲ್ಲಿತ್ತು ಎಂದರೆ ಮಾವ ಸೋಮವಾರ ಬಲಗೈ ಹೆಬ್ಬೆರಳು ಆಡಿಸುತ್ತಾರೆ, ಗುರುವಾರ ಎಡಗೈಯದು.

ಕೊನೆಗೆ ಯಾರೋ ಹೇಳಿದರೆಂದು ಹಳೇ ಸೈಕಲ್ ಶಾಪಿನ ಮೇಸ್ತ್ರಿಯ ಹತ್ತಿರ ಹೋದರು. ನಾನೂ ಜೊತೆಗಿದ್ದೆ. ಮೇಸ್ತ್ರಿಗೆ ಎಂಬತ್ತರ ಮೇಲಾಗಿದೆ. ನೀರಿನ ಬಾಣಲೆಯಲ್ಲಿ ಟ್ಯೂಬು ಅದ್ದಿ, ಗುಳ್ಳೆ ಎಲ್ಲಿ ಬರುತ್ತದೆಂದು ನೋಡುತ್ತಲೇ ಕೊಕ್ಕರೆ, ಅಂಗೈ, ಜೋಡಿ ಫೋರ್ಕು, ಕಪ್ಪು-ಹಸಿರು, ಎಲ್ಲ ಕೇಳಿಸಿಕೊಂಡರು.

"ಅಂಥ ಸೈಕಲ್ಲು ಯಾವ ಕಂಪ್ನಿನೂ ಮಾಡಿಲ್ಲ ಸಾರ್."

ಮಾವನ ಮುಖ ಇಳಿಯಿತು.

"ನಾವು ಮಾಡಿರ್ತೀವಿ" ಎಂದು ಮೇಸ್ತ್ರಿ ಗುಳ್ಳೆಯ ಜಾಗಕ್ಕೆ ಕಾಪಿ ಪೆನ್ಸಿಲ್ಲಿನಿಂದ ಗುರುತು ಹಾಕಿದರು. "ಜಟಕಾಗೆ ಗುದ್ದಿ ಫೋರ್ಕು ಬೆಂಡಾಗಿರುತ್ತೆ, ತೂಗುಹಾಕಿದ್ದು ಯಾವ್ದಿದ್ಯೋ ಅದು ಹಾಕ್ತಿದ್ವಿ. ಚೈನ್‌ವೀಲ್ ಹಲ್ಲು ಸವೆದ್ರೆ ಇನ್ನೊಂದು. ಬಣ್ಣ ನಿಮ್ಮಿಷ್ಟ. ಬಿಲ್ಲೆ ನಮ್ಮಿಷ್ಟ. ಹತ್ತು ವರ್ಷ ಓಡಿದ ಸೈಕಲ್ಲಿಗೆ ಯಾವ ಕಂಪ್ನಿ ಸಾರ್?"

ಬೇರೆಯವರಾದರೆ ಅಲ್ಲಿಗೆ ಬಿಡುತ್ತಿದ್ದರು. ಮಾವ ಅಡ್ವಾನ್ಸ್ ಕೊಟ್ಟರು. ಮೇಸ್ತ್ರಿ ಅಟ್ಟ ತಡಕಿ, ಒಂದು ಫ್ರೇಮು, ಎಲ್ಲಿಂದಲೋ ಜೋಡಿ ಕೊಳವೆಯ ಫೋರ್ಕು, ಹಲ್ಲು ಮುಕ್ಕಾದ ಕೊಕ್ಕರೆ ಚಕ್ರ, ರಾಡ್ ಬ್ರೇಕು ಕೂಡಿಸಿ, ಕೋನು ಬಿಗಿದು, ಗಾಲಿಯ ಔಟ್ ತೆಗೆದು, ದೀಪಾವಳಿಯ ಮುಂಚೆ ಹೇಳಿ ಕಳಿಸಿದರು. ಬಿಸಿಲಿಗೆ ನಿಲ್ಲಿಸಿದರೆ ನಿಜಕ್ಕೂ ಸ್ವಲ್ಪ ಹಸಿರು. ಮಾವ ಸುತ್ತಲೂ ಪ್ರದಕ್ಷಿಣೆ ಬಂದರು, ಬೆಲ್ಲು ಬಾರಿಸಿದರು, ಬಾರನ್ನು ಸವರಿದರು, ಪಕ್ಕದಲ್ಲಿ ನೆಟ್ಟಗೆ ನಿಂತು ಅಳತೆ ನೋಡಿದರು. ಹುಬ್ಬು ಗಂಟಾಯಿತು.

"ಎಲ್ಲಾ ಸರಿ. ಸೀಟೊಂದು ತಪ್ಪು. ಅದರ ಸೀಟು ನನ್ನ ಗದ್ದದ ತನಕ ಬರ್ತಿತ್ತು."

ಮೇಸ್ತ್ರಿ ಮಾವನನ್ನು ಅಡಿಯಿಂದ ಮುಡಿಯ ತನಕ ನೋಡಿದರು. "ಆವಾಗ ನಿಮ್ಗೆ ವಯಸ್ಸೆಷ್ಟು ಸಾರ್?"

"ಹನ್ನೊಂದು."

ಮೇಸ್ತ್ರಿ ಸ್ವಲ್ಪ ಹೊತ್ತು ಸ್ಪ್ಯಾನರಿನಿಂದ ಬೆನ್ನು ಕೆರೆದುಕೊಂಡರು. "ಅಷ್ಟುದ್ದ ಸೀಟ್ ಪೈಪ್ ಬರಲ್ಲ. ವೆಲ್ಡಿಂಗ್ ಮಾಡಿಸ್ಬೇಕಾಗುತ್ತೆ."

"ಮಾಡ್ಸಿ" ಎಂದರು ಮಾವ. "ಆದ್ರೆ ಪೈಪು ಅಸನ್ಸೋಲಿಂದು ಬೇಡ."